ಕೈಗೆಟುಕುವ ಎತ್ತರ

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅವಳ ಕಣ್ಣಿಗೆ ಮೊದಲು ಬಿದ್ದದ್ದು ಸಕ್ಕರೆ ಡಬ್ಬಿ. ಇಪ್ಪತ್ತಾರು ವರ್ಷ ಅಡುಗೆಮನೆಯ ಮೇಲಿನ ಹಲಗೆಯ ತುದಿಯಲ್ಲಿ ಠೀವಿಯಿಂದ ಕೂತಿದ್ದ ಡಬ್ಬಿ ಈಗ ಒಲೆಯ ಪಕ್ಕದಲ್ಲಿ, ಅವಳ ಸೊಂಟದ ಮಟ್ಟಕ್ಕೆ ಇಳಿದಿತ್ತು. ಅದರ ಜೊತೆಗೆ ಚಹಾಪುಡಿ, ಉಪ್ಪು, ಬೇಳೆ, ಎಣ್ಣೆಯ ಡಬ್ಬ. ತಟ್ಟೆಗಳ ಹಲಗೆ ಇಳಿದಿತ್ತು. ಟವಲಿನ ಗೂಟ ಇಳಿದಿತ್ತು. ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗವೂ ಇಳಿದು, ಒಗೆದ ಹೊದಿಕೆಗಳು ನೆಲ ಗುಡಿಸುತ್ತಿದ್ದವು.

"ಇದೇನು, ಮನೆಯೆಲ್ಲ ಕುಕ್ಕರಗಾಲಲ್ಲಿ ಕೂತಿದೆ?" ಅಂದಳು.

ಗಂಡ ಆಸ್ಪತ್ರೆಯ ಚೀಲ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ. ಅವನು ಬಡಗಿ. ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ.

"ನೀನು ಕೈ ಎತ್ತೋ ಹಾಗಿಲ್ಲ. ಹೊಲಿಗೆ ಬಿಟ್ಕೊಂಡ್ರೆ ಏನ್ಮಾಡೋದು? ಅದಕ್ಕೇ ಎಲ್ಲಾ ಇಳಿಸ್ಬಿಟ್ಟೆ. ನಾಲ್ಕು ದಿನ ಬೇಕಾಯ್ತು," ಅಂದ. ಹೊಗಳಲಿ ಎಂದು ಕಾಯುತ್ತಿರುವುದು ಮುಖದಲ್ಲೇ ಗೊತ್ತಾಗುತ್ತಿತ್ತು. ಅವಳು ಹೊಗಳಿದಳು.

ಒಂದೇ ಒಂದು ವಸ್ತು ಮೇಲೇರಿತ್ತು. ಮಲಗುವ ಕೋಣೆಯ ಕನ್ನಡಿ. ಅವಳು ಮುಂದೆ ನಿಂತರೆ ಮುಖ, ಕತ್ತು ಮಾತ್ರ ಕಾಣುವಷ್ಟು ಎತ್ತರಕ್ಕೆ ಅದನ್ನು ಏರಿಸಿದ್ದ.

ಅವನು ಐದಡಿಯ ಮೇಲೆ ಎರಡು ಬೆರಳು ಇದ್ದರೆ ಹೆಚ್ಚು. ಅವಳು ಐದೂಮುಕ್ಕಾಲು. ಮದುವೆಯಾದ ಹೊಸದರಲ್ಲಿ ಬೀದಿಯವರು, "ಬಡಗಿ ಹೆಂಡತಿ ತರಲಿಲ್ಲ, ಕೆಲಸಕ್ಕೆ ಏಣಿ ತಂದಿದಾನೆ" ಎಂದು ನಕ್ಕಿದ್ದರು. ಬೇರೆಯವನಾಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದ. ಇವನು ಆ ಹೆಸರನ್ನೇ ಎತ್ತಿಕೊಂಡು ಮನೆಗೆ ತಂದ. ಅಂದಿನಿಂದ ಅವಳು ಏಣಿ. ಆಗ ಕಾರ್ಖಾನೆಯ ಹಿಂದೆ ಇದ್ದದ್ದು ಬರಿಗೋಡೆಯ ಎರಡು ಕೋಣೆ. ಹೊಸ ಹೆಂಡತಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, "ಕೈ ಎತ್ತು" ಅಂದಿದ್ದ. ಬೆರಳ ತುದಿಗೆ ಸರಿಯಾಗಿ ಪೆನ್ಸಿಲ್ ಗೀಟು ಎಳೆದು, ಅದಕ್ಕಿಂತ ಒಂದು ಗೇಣು ಕೆಳಗೆ ಹಲಗೆ ಹೊಡೆದ.

"ಅಷ್ಟು ಮೇಲೆ ಹೊಡೆದ್ರೆ ನಿಮಗೆ ಎಟುಕಲ್ವಲ್ಲ?"

"ನಂಗೆ ಯಾಕೆ ಎಟುಕ್ಬೇಕು? ನಿನ್ನ ಕರೀತೀನಿ."

ಹಾಗೆಯೇ ಕರೆದ. ಏಣೀ, ಸಕ್ಕರೆ. ಏಣೀ, ಮೊಳೆ ಡಬ್ಬಿ. ಏಣೀ, ನನ್ನ ಕನ್ನಡಕ ಮೇಲೆಲ್ಲೋ ಇಟ್ಬಿಟ್ಟಿದೀಯ. ಎರಡನೇ ವರ್ಷಕ್ಕೆ ಅವನೇ ಅವಳಿಗೆ ಪಾಲಿಶ್ ಕೆಲಸ ಕಲಿಸಿದ. ಅರಗು, ಸ್ಪಿರಿಟ್, ಹತ್ತಿಯ ಉಂಡೆಗೆ ಸುತ್ತಿದ ಹಳೆ ಬಟ್ಟೆ. ಬೀರುವಿನ ನೆತ್ತಿಯವರೆಗೂ ಸ್ಟೂಲಿಲ್ಲದೆ ಅವಳ ಬಲಗೈ ಸುತ್ತುಸುತ್ತಾಗಿ ಓಡುತ್ತಿತ್ತು. ಅವನು ಜೋಡಿಸಿದ ಮರಕ್ಕೆ ಹೊಳಪು ಬರುತ್ತಿದ್ದದ್ದು ಆ ಕೈಯಿಂದ. ಈಗ ಆ ಕೈಯ ಬುಡದಲ್ಲೇ ಕತ್ತರಿ ಆಡಿತ್ತು. ಬಲಸ್ತನ ತೆಗೆದಿದ್ದರು, ಕಂಕುಳ ಗಂಟುಗಳನ್ನೂ ತೆಗೆದಿದ್ದರು.

ಮೊದಲ ಎರಡು ವಾರ ಮನೆ ಆಸ್ಪತ್ರೆಯ ಗಡಿಯಾರದಂತೆ ನಡೆಯಿತು. ಗಾಯದ ಪಕ್ಕದಿಂದ ಇಳಿಬಿದ್ದ ಸಣ್ಣ ನಳಿಗೆಯ ತುದಿಯಲ್ಲಿ, ಗಾಯದ ನೀರು ಸೇರುವ ಒಂದು ಬಾಟಲಿ ಇತ್ತು. ಬಡಗಿ ಅದನ್ನು ತೂಗುಹಾಕಲು ಮಂಚಕ್ಕೆ ಮರದ ಕೊಕ್ಕೆ ಮಾಡಿ, ಅದರ ಅಂಚನ್ನು ಉಜ್ಜಿ ಉಜ್ಜಿ ಮಗುವಿನ ಆಟಿಕೆಯಷ್ಟು ನುಣುಪು ಮಾಡಿದ್ದ. ಬೆಳಿಗ್ಗೆ ಬಾಟಲಿ ಖಾಲಿ ಮಾಡುವುದು ಅತ್ತೆಯ ಕೆಲಸ. ಎಪ್ಪತ್ತೆರಡರ ಅತ್ತೆ ಮೊದಲ ದಿನ ಮೂಗು ಮುಚ್ಚಿಕೊಂಡವರು, ನಾಲ್ಕನೇ ದಿನಕ್ಕೆ "ಇವತ್ತು ಬಣ್ಣ ತಿಳಿಯಾಗಿದೆ" ಎಂದು ಪಕ್ಕದ ಮನೆಯವರಿಗೆ ಕೇಳುವಂತೆ ಸಾರಿದರು. ಮುಂದೆ ಗುಂಡಿ ಇರುವ ಅಂಗಿಯೇ ಆಗಬೇಕು ಎಂದಿದ್ದರಿಂದ ಏಣಿ ಗಂಡನ ಅಂಗಿ ಹಾಕಿಕೊಳ್ಳುತ್ತಿದ್ದಳು. ತೋಳು ಮೊಣಕೈಗೂ ಬರುತ್ತಿರಲಿಲ್ಲ.

"ಅಮ್ಮ, ಶಾಲೆಗೆ ಹೊರಟ ಹಾಗಿದೀಯ," ಎಂದು ಮಗಳು ನಗುತ್ತಿದ್ದಳು. ಮಗಳಿಗೆ ಇಪ್ಪತ್ಮೂರು. ಕನ್ನಡಕದ ಅಂಗಡಿಯಲ್ಲಿ ಕೆಲಸ. ಮಾತು ಜಾಸ್ತಿ ಎಂದು ಚಿಕ್ಕಂದಿನಿಂದ ಗಿಣಿ ಎಂದೇ ಕರೆಯುತ್ತಿದ್ದರು.

ಹಲಗೆ ಇಳಿದದ್ದರಿಂದ ನಿಜವಾಗಿ ಲಾಭವಾದದ್ದು ಅತ್ತೆಗೆ. ಅವರೂ ಮಗನಷ್ಟೇ ಗಿಡ್ಡ. ಸೊಸೆ ಮನೆಗೆ ಬಂದಾಗಿನಿಂದ ಒಂದು ಚಮಚ ಸಕ್ಕರೆಗೂ ಸೊಸೆಯನ್ನೇ ಕೂಗಬೇಕಾಗಿತ್ತು. ಈಗ ಯಾರ ಹಂಗೂ ಇಲ್ಲದೆ ಡಬ್ಬಿ ತೆರೆದು, ಚಹಾಕ್ಕೆ ಎರಡು ಚಮಚದ ಜಾಗದಲ್ಲಿ ಮೂರು ಹಾಕಿಕೊಳ್ಳುತ್ತಿದ್ದರು.

"ಅತ್ತೆ, ನಿಮಗೆ ಸಕ್ಕರೆ ಕಮ್ಮಿ ಮಾಡಿ ಅಂದಿದಾರೆ ಡಾಕ್ಟ್ರು."

"ನೀನು ಮಲ್ಕೊ. ನಿನ್ನ ಕಾಯಿಲೆ ನೀನು ನೋಡ್ಕೊ, ನನ್ನದು ನಾನು ನೋಡ್ಕೋತೀನಿ."

ಏಣಿ ಮಲಗಿದಳು. ಮಲಗಿ ಕೇಳಿಸಿಕೊಂಡಳು. ಗರಗಸದ ಸದ್ದು, ಡಬ್ಬಿ ಮುಚ್ಚಳದ ಸದ್ದು, ಗಿಣಿ ಹೊರಡುವಾಗ ಬಾಗಿಲು ಹಾಕುವ ಸದ್ದು. ಯಾರಿಗೂ ಯಾವುದಕ್ಕೂ ಅವಳು ಬೇಕಾಗಿರಲಿಲ್ಲ. ಎಲ್ಲರಿಗೂ ಎಲ್ಲವೂ ಕೈಗೇ ಸಿಗುತ್ತಿತ್ತು. ಹಿಂದೆಲ್ಲ ಕರೆದದ್ದೇ ಕರೆದದ್ದು ಎಂದು ರೇಗುತ್ತಿದ್ದವಳಿಗೆ, ಈಗ ಆ ಕರೆಗಳೇ ಒಂದೊಂದಾಗಿ ನೆನಪಿಗೆ ಬರುತ್ತಿದ್ದವು. ಯಾವ ಕರೆಗೆ ಯಾವ ಡಬ್ಬಿ, ಅದನ್ನು ತೆಗೆಯುವಾಗ ಹಲಗೆಯಿಂದ ಬರುತ್ತಿದ್ದ ಹಳೆ ಮರದ ವಾಸನೆ ಯಾವುದು ಎಂಬುದರ ಸಮೇತ.

ಆಸ್ಪತ್ರೆಯಿಂದ ಹೊರಡುವಾಗ ಒಂದು ಚೀಟಿ ಕೊಟ್ಟಿದ್ದರು. ಅದರಲ್ಲಿ ಗೊಂಬೆಯಂಥ ಹೆಂಗಸೊಬ್ಬಳು ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಜೇಡದ ಕಾಲಿನಂತೆ ಮೇಲಕ್ಕೆ ನಡೆಸುತ್ತಿದ್ದಳು. ನಳಿಗೆ ತೆಗೆದ ಮೇಲೆ ದಿನಕ್ಕೆ ಮೂರು ಸಲ, ನಿನ್ನೆಗಿಂತ ಒಂದು ಬೆರಳು ಮೇಲೆ. ನಳಿಗೆ ತೆಗೆದ ಮರುದಿನ ಏಣಿ ಮಾಡಿದಳು. ಭುಜದ ಮಟ್ಟ ದಾಟಿದ ಕೂಡಲೇ ಕಂಕುಳಿನಿಂದ ಮೊಣಕೈವರೆಗೆ ಚರ್ಮದ ಒಳಗೆ ಒಂದು ಹುರಿ ಬಿಗಿದು ನಿಂತಿತು. ತಂತಿ ಎಳೆದ ಹಾಗೆ. ಮರಗಟ್ಟಿದ ತೋಳಿನ ಹಿಂಭಾಗ ತನ್ನದೇ ಅಲ್ಲವೆನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಕೈ ಮೇಲೇರಿದಾಗ ಅಂಗಿ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಹಲಗೆಯ ಹಾಗೆ ಚಪ್ಪಟೆ ನಿಲ್ಲುವುದು ಅವಳ ಕಣ್ಣಿಗೇ ಬಿತ್ತು. ಕೈ ಇಳಿಸಿದಳು. ಚೀಟಿಯನ್ನು ಮಡಿಸಿ ಹಾಸಿಗೆಯ ಕೆಳಗಿಟ್ಟಳು.

"ಅಮ್ಮ, ಕಸರತ್ತು ಆಯ್ತಾ?" ಸಂಜೆ ಗಿಣಿ ಕೇಳುವಳು.

"ಆಯ್ತಮ್ಮ."

"ಮೂರು ಸಲಾನೂ?"

"ಮೂರು ಸಲಾನೂ."

ಹೀಗೆ ಸುಳ್ಳು ಹೇಳಿ ಅಭ್ಯಾಸವಿಲ್ಲದವಳು. ಆದರೆ ಮೊದಲನೆಯದು ಬಂದ ಮೇಲೆ ಉಳಿದವು ತಾವಾಗಿಯೇ ಬಂದವು. ಕೈ ಎತ್ತಬೇಕಾದ ಒಂದು ಕೆಲಸವೂ ಮನೆಯಲ್ಲಿ ಉಳಿದಿರಲಿಲ್ಲವಾದ್ದರಿಂದ ಸುಳ್ಳು ಎಲ್ಲಿಯೂ ಎಡವಲಿಲ್ಲ.

ನಾಲ್ಕನೇ ವಾರ ಅತ್ತೆ ಹಳೆಯ ದಿಂಬಿನ ಚೀಲದ ಮೆತ್ತನೆ ಬಟ್ಟೆ ಕತ್ತರಿಸಿ ರವಿಕೆಯೊಳಗೆ ಇಟ್ಟುಕೊಳ್ಳಲು ಒಂದು ಗುಂಡು ಚೀಲ ಹೊಲಿದರು. ಒಳಗೆ ತುಂಬಲು ಸಾಸಿವೆ ತಂದಿಟ್ಟುಕೊಂಡಿದ್ದರು.

"ಹತ್ತಿ ತುಂಬಿದ್ರೆ ಮೇಲಕ್ಕೆ ಸರಿಯುತ್ತೆ. ಭಾರ ಬೇಕು. ಎಷ್ಟು ತುಂಬ್ಲಿ ಹೇಳು."

"ನಂಗೇನು ಗೊತ್ತು ಅತ್ತೆ?"

"ನಿಂದಲ್ವೇನೇ? ನಿಂಗಲ್ದೆ ಊರವರಿಗೆ ಗೊತ್ತಿರುತ್ತಾ?"

"ನಾನೇನು ತೂಕ ಹಾಕಿ ನೋಡಿದ್ನಾ?"

ಗಿಣಿ ಅಡುಗೆಮನೆಯಿಂದ ತಕ್ಕಡಿ ಹಿಡಿದುಕೊಂಡು ಬಂದಳು. "ಅಮ್ಮ, ಉಳಿದಿರೋದನ್ನ ಇದರ ಮೇಲಿಡು. ಲೆಕ್ಕ ಸಿಗುತ್ತೆ."

ಏಣಿಗೆ ನಗು ಬಂತು. ಗಾಯ ಎಳೆಯಿತು. "ಅಯ್ಯೋ, ನಗಿಸ್ಬೇಡ್ವೇ" ಎನ್ನುತ್ತಲೇ ನಕ್ಕಳು. ಅತ್ತೆ ನಗದೆ ಸಾಸಿವೆ ಸುರಿಯುತ್ತಾ ಕೂತರು.

"ಇವಳಿಗೆ ಹಾಲು ಕುಡಿಸ್ತಿದ್ದಾಗ ಬಲಗಡೆನೇ ದೊಡ್ಡದಿತ್ತು," ಅಂದರು. "ಈ ಹಠಮಾರಿ ಎಡಗಡೆ ಬಾಯಿಯೇ ಇಡ್ತಿರ್ಲಿಲ್ಲ. ನೆನಪಿದ್ಯಾ?"

ನೆನಪಿಲ್ಲದೆ ಏನು. ಆಗ ದೊಡ್ಡದೊಂದು ಕೆಲಸ ಸಿಕ್ಕಿ ಇಬ್ಬರೂ ಕಾರ್ಖಾನೆ ಬಿಟ್ಟು ಅಲ್ಲಾಡುವಂತಿರಲಿಲ್ಲ. ಕುರ್ಚಿಗಳ ರಾಶಿಯ ನಡುವೆ ಕಾಲು ನೀಡಿ ಕೂತು ಅವಳು ಮಗುವಿಗೆ ಹಾಲು ಕೊಡುತ್ತಿದ್ದಳು. ಬಡಗಿ ಮರ ಹೆರೆಯುತ್ತಿದ್ದ ಕೀಸುಳಿ ನಿಲ್ಲಿಸಿ ಬಂದು, ಮಗುವಿನ ತಲೆಗೂದಲಲ್ಲಿ ಕೂತ ಮರದ ಹುಡಿಯನ್ನು ಮೆಲ್ಲಗೆ ಊದುತ್ತಿದ್ದ. ಮಗು ಬಾಯಿ ಬಿಡದೆ ಕಣ್ಣು ಮಾತ್ರ ಹೊರಳಿಸಿ ಅಪ್ಪನನ್ನು ನೋಡುತ್ತಿತ್ತು. ಬಿಸಿಲಿನ ಒಂದು ಕೋಲು ಕಿಟಕಿಯಿಂದ ಇಳಿದಿರುತ್ತಿತ್ತು, ಅದರ ತುಂಬ ಹುಡಿ. ಅಷ್ಟೇ. ಆದರೆ ಅದೆಲ್ಲ ಈಗ ಇಲ್ಲದ ಜಾಗದಲ್ಲಿ ನಡೆದದ್ದು ಎಂದು ಹೊಳೆದಾಗ ಏಣಿಯ ನಗು ತಾನಾಗಿ ನಿಂತಿತು.

"ಇನ್ನೊಂದು ಹಿಡಿ ಹಾಕಿ ಅತ್ತೆ," ಅಂದಳು.

ಐದನೇ ವಾರ ಆಸ್ಪತ್ರೆಗೆ ಹೋದರು. ಗಾಯ ಒಣಗಿದೆ ಎಂದರು. ಔಷಧಿ ಏರಿಸಬೇಕಾಗಿಲ್ಲ, ಕಿರಣ ಚಿಕಿತ್ಸೆ ಸಾಕು ಎಂದರು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಕಸರತ್ತಿನ ಮೇಡಂ ಹತ್ತಿರ ಕಳಿಸಿದರು.

"ಬಲಗೈ ಮೇಲೆತ್ತಿ."

ಎತ್ತಿದಳು. ಕೈ ಭುಜದ ಮಟ್ಟಕ್ಕೆ ಬಂದು, ಅಲ್ಲಿ ಬೀಗ ಹಾಕಿದಂತೆ ನಿಂತಿತು.

"ಇನ್ನೂ."

"ಇಷ್ಟೇ ಬರೋದು."

"ಗೋಡೆ ಮೇಲೆ ಬೆರಳು ನಡೆಸೋದು ಮಾಡ್ತಿದೀರಾ?"

"ಮಾಡ್ತಿದೀನಿ," ಅಂದಳು ಏಣಿ, ನೆಲ ನೋಡುತ್ತಾ.

"ಮನೆಕೆಲಸ? ಬಟ್ಟೆ ಒಣಹಾಕೋದು, ಮೇಲಿಂದ ಏನಾದ್ರೂ ತೆಗೆಯೋದು?"

ಇಷ್ಟು ಹೊತ್ತು ಬಾಯಿ ಬಿಡದಿದ್ದ ಬಡಗಿಗೆ ಈಗ ಹೇಳಲು ಒಂದು ವಿಷಯ ಸಿಕ್ಕಿತು. "ಆ ತೊಂದ್ರೆ ಕೊಟ್ಟಿಲ್ಲ ಮೇಡಂ. ಹಲಗೆ, ಗೂಟ, ಹಗ್ಗ, ಎಲ್ಲಾ ನಾನೇ ಇಳಿಸಿದೀನಿ. ಒಂದು ವಸ್ತೂ ಸೊಂಟಕ್ಕಿಂತ ಮೇಲಿಲ್ಲ."

ಮೇಡಂ ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ನೋಡಿ, ಯಂತ್ರದ ಕೆಳಗೆ ಮಲಗುವಾಗ ಕೈ ತಲೆಯ ಮೇಲೆ ಇರ್ಬೇಕು. ಹೀಗೆ. ಇಪ್ಪತ್ತು ನಿಮಿಷ, ಅಲ್ಲಾಡದ ಹಾಗೆ. ಕೈ ಅಡ್ಡ ಇದ್ರೆ ಕಿರಣ ಹಾಕೋದು ಎಲ್ಲಿಗೆ? ಇವತ್ತಿಗೆ ಇಪ್ಪತ್ತೊಂದನೇ ದಿನ ನಿಮ್ಮನ್ನ ಅಳತೆಗೆ ಕರೆದಿದಾರೆ. ಅಷ್ಟರಲ್ಲಿ ಕೈ ಏರ್ಲಿಲ್ಲ ಅಂದ್ರೆ ಚಿಕಿತ್ಸೆ ಮುಂದಕ್ಕೆ ಹೋಗುತ್ತೆ. ಮುಂದಕ್ಕೆ ಹೋಗೋದು ನಂಗಿಷ್ಟ ಇಲ್ಲ."

ಬಸ್ಸಿನಲ್ಲಿ ಬಡಗಿ ಇಡೀ ದಾರಿ ತನ್ನ ಎರಡು ಅಂಗೈಯನ್ನು ಮಗುಚಿ ಮಗುಚಿ ನೋಡಿಕೊಳ್ಳುತ್ತಾ ಕೂತ.

ಮಧ್ಯಾಹ್ನದ ಊಟಕ್ಕೆ ಕೂತಾಗ ಜಗಳ ಎದ್ದಿತು. ಅತ್ತೆ ಆಲೂಗಡ್ಡೆ, ಮೊಟ್ಟೆ ಬೇಯಿಸಿದ್ದರು. ಗಿಣಿ ವಿಷಯ ಕೇಳಲೆಂದೇ ಅಂಗಡಿಗೆ ಅರ್ಧ ದಿನ ರಜೆ ಹಾಕಿದ್ದಳು. ಕೇಳಿದ ಮೇಲೆ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು.

"ನಾನು ಅವತ್ತೇ ಹೇಳಿದ್ದೆ ಅಪ್ಪ. ಚೀಟಿಯಲ್ಲಿ ಕೈ ಎತ್ತಿ ಅಂತಿದೆ, ನೀವು ಮನೆಯನ್ನೇ ಇಳಿಸಿ ಕೂತಿದೀರ."

"ಅವನೇನು ಕೆಟ್ಟದ್ದಕ್ಕೆ ಮಾಡಿದ್ನಾ?" ಅತ್ತೆ ಎದ್ದು ನಿಂತೇಬಿಟ್ಟರು. "ನಾಲ್ಕು ದಿನ ಊಟ ತಿಂಡಿ ಬಿಟ್ಟು ಮಾಡಿದಾನೆ."

"ನಿಮಗೇನು ಅಜ್ಜಿ, ಸಕ್ಕರೆ ಕೈಗೆ ಸಿಕ್ತು."

"ಬಾಯಿ ಮುಚ್ಚೇ! ನನ್ನ ಸಕ್ಕರೆ ವಿಷಯಕ್ಕೆ ಬಂದ್ರೆ ನೋಡು!"

"ಅವರನ್ನ ಯಾಕೆ ಬೈತೀಯ," ಅಂದಳು ಏಣಿ. ಎಲ್ಲರೂ ಅವಳತ್ತ ತಿರುಗಿದರು. "ನಾನು ಕಸರತ್ತು ಮಾಡ್ಲೇ ಇಲ್ಲ. ಒಂದು ದಿನ ಮಾಡಿದ್ದು. ದಿನಾ ನಿಂಗೆ ಸುಳ್ಳು ಹೇಳ್ದೆ."

ಗಿಣಿ ಅಮ್ಮನ ಪಕ್ಕಕ್ಕೆ ಸರಿದು ಕೂತಳು.

"ಯಾಕಮ್ಮ?"

"ನೋವಾಗುತ್ತೆ. ಮತ್ತೆ... ಕೈ ಎತ್ತಿದ್ರೆ ಕಾಣುತ್ತೆ."

ಬಡಗಿ ತಟ್ಟೆಯಲ್ಲೇ ಕೈ ತೊಳೆದುಕೊಂಡು ಕಾರ್ಖಾನೆಗೆ ಎದ್ದುಹೋದ. ಏಣಿ ಹಿಂದೆಯೇ ಹೋದಳು.

"ಹಲಗೆ ಎಲ್ಲಾ ಮೊದ್ಲಿದ್ದ ಜಾಗಕ್ಕೆ ಏರಿಸಿ."

"ಆಗಲ್ಲ."

"ಯಾಕಾಗಲ್ಲ?"

"ಭುಜದ ಮಟ್ಟದಲ್ಲಿ ನಿಂತಿರೋ ಕೈಗೆ ಒಂದೇ ಸಲಕ್ಕೆ ಅಷ್ಟು ಮೇಲೆ ಎಟುಕುತ್ತಾ? ಹರಿದುಹೋಗುತ್ತೆ. ಸುಮ್ನಿರು, ಯೋಚಿಸ್ತಿದೀನಿ."

ಎರಡು ದಿನ ಯೋಚಿಸಿದ. ಮೂರನೆಯ ದಿನ ಅಡುಗೆಮನೆಯ ಗೋಡೆಗೆ ಎರಡು ಉದ್ದ ಪಟ್ಟಿ ಹೊಡೆದ. ಒಂದೊಂದರಲ್ಲೂ ಕೆಳಗಿನಿಂದ ಮೇಲಕ್ಕೆ ಹದಿನಾಲ್ಕು ತೂತು, ಒಂದರಿಂದ ಇನ್ನೊಂದಕ್ಕೆ ಎರಡು ಬೆರಳ ಅಂತರ. ತೂತಿಗೆ ಬೀಟೆ ಮರದ ಗೂಟ, ಗೂಟದ ಮೇಲೆ ಹಲಗೆ. ಮೊದಲ ತೂತು ಅವಳ ಭುಜಕ್ಕೆ ಸರಿ, ಹದಿನಾಲ್ಕನೆಯದು ಹಳೆಯ ಎತ್ತರ. ದಿನಾ ಬೆಳಿಗ್ಗೆ ಗೂಟ ಒಂದು ತೂತು ಮೇಲೆ ಹೋಗಬೇಕು. ಮನೆಗೆ ದಿನಕ್ಕೆ ಹತ್ತು ಸಲ ಬೇಕಾಗುವ ಡಬ್ಬಿಗಳೆಲ್ಲ ಅದೇ ಹಲಗೆಯ ಮೇಲೆ, ಎಲ್ಲವನ್ನೂ ಅವಳೇ ತೆಗೆದುಕೊಡಬೇಕು, ಬಲಗೈಯಿಂದ.

"ಇದಕ್ಕೆ ಸಕ್ಕರೆ ಡಬ್ಬಿ ಯಾಕೆ ಇಡ್ತೀಯೋ?" ಅಂದರು ಅತ್ತೆ.

"ಇಡ್ಲೇಬೇಕಮ್ಮ. ನೀನೇ ಅಲ್ವಾ ಜಾಸ್ತಿ ಸಲ ಕೇಳೋಳು."

ಅದೇ ದಿನ ಏಣಿ ಗಂಡನನ್ನು ಮಲಗುವ ಕೋಣೆಗೆ ಕರೆದಳು. "ಕನ್ನಡಿ ಇಳಿಸಿ."

ಅವನು ತಲೆ ಕೆರೆದುಕೊಂಡ. "ಎಷ್ಟು?"

"ಮೊದ್ಲು ಎಲ್ಲಿತ್ತೋ ಅಲ್ಲಿಗೆ."

ಅವನು ಮೊಳೆ ಹೊಡೆಯುವವರೆಗೂ ಅವಳು ಪಕ್ಕದಲ್ಲೇ ನಿಂತಿದ್ದಳು. ಅವನು ಹೋದ ಮೇಲೆ ಬಾಗಿಲು ಹಾಕಿ, ಅಂಗಿಯ ಗುಂಡಿ ಬಿಚ್ಚಿದಳು. ಕಂಕುಳಿನಿಂದ ಎದೆಯ ನಡುವಿನವರೆಗೆ ಓರೆಯಾಗಿ ಒಂದು ಗೆರೆ. ಕೆಲಸ ತಿಳಿದವಳ ಕಣ್ಣಿಂದ ನೋಡಿದಳು. ಜೋಡಿಸಿದವರ ಕೈ ಚೆನ್ನಾಗಿತ್ತು. ಒಂದು ಕಡೆ ಅಂಚು ಸ್ವಲ್ಪ ಎದ್ದಿತ್ತು, ಅಷ್ಟೇ. ಬಹಳ ಹೊತ್ತು ಅಲ್ಲಿ ನಿಲ್ಲಲಾಗಲಿಲ್ಲ. ಆದರೆ ಮರುದಿನ ಇನ್ನಷ್ಟು ಹೊತ್ತು ನಿಂತಳು.

ಮೊದಲ ಐದು ತೂತು ಹೇಗೋ ದಾಟಿತು. ಬೆಳಿಗ್ಗೆ ಗಿಣಿ ಕಂಕುಳಿಗೆ ಬಿಸಿ ಬಟ್ಟೆಯ ಕಾವು ಕೊಟ್ಟು, ಒಳಗಿನ ಹುರಿಯನ್ನು ಎಣ್ಣೆ ಹಚ್ಚಿ ನೀವುತ್ತಿದ್ದಳು. ಕೈಯನ್ನು ಹಿಡಿದು ಎತ್ತುವಾಗ ಕನ್ನಡಕದ ಅಂಗಡಿಯ ಮಾತೇ ಬರುತ್ತಿತ್ತು. "ಸೊಟ್ಟ ಆಗಿದೆಯಮ್ಮ. ಬಲಭುಜ ಮುಂದಕ್ಕೆ ಬಾಗಿದೆ. ಸ್ವಲ್ಪ ಬಗ್ಗಿಸ್ತೀನಿ, ಮುರಿಯಲ್ಲ, ಹೆದರ್ಬೇಡಿ." ಬೆಳಿಗ್ಗೆಯ ಚಹಾ ಹೊತ್ತಿಗೆ ಅತ್ತೆ ಹಲಗೆಯ ಕೆಳಗೆ ಲೋಟ ಹಿಡಿದು ನಿಲ್ಲುವರು.

"ಸಕ್ಕರೆ."

"ತಡೀರಿ ಅತ್ತೆ, ಕೈ ಏರ್ತಿದೆ."

"ಏರ್ಲಿ, ಏರ್ಲಿ. ಚಹಾ ಆರ್ತಿದೆ."

ಒಂಬತ್ತನೇ ತೂತಿನಲ್ಲಿ ಕೈ ನಿಂತುಬಿಟ್ಟಿತು. ಒಂದು ದಿನ, ಎರಡು ದಿನ, ಮೂರು ದಿನ. ಬೆರಳು ಡಬ್ಬಿಯ ತಳ ಮುಟ್ಟುತ್ತಿತ್ತು, ಹಿಡಿಯಲಾಗುತ್ತಿರಲಿಲ್ಲ. ಮೂರನೆಯ ದಿನ ಹಲ್ಲು ಕಚ್ಚಿ ಎಳೆದಳು. ಡಬ್ಬಿ ಉರುಳಿ ಬೇಳೆ ಚೆಲ್ಲಿತು. ಏಣಿ ನೆಲದಲ್ಲಿ ಕೂತು, ಎಡಗೈಯಲ್ಲಿ ಬೇಳೆ ಗುಡ್ಡೆ ಮಾಡುತ್ತಾ, ಯಾರಿಗೂ ಅಲ್ಲದೆ ಹೇಳಿದಳು, "ಈ ಕೈ ಬೀರುವಿನ ನೆತ್ತಿ ಮುಟ್ಟುತ್ತಿತ್ತು." ಕಾರ್ಖಾನೆಯಲ್ಲಿ ಗರಗಸ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಹೊರಟಿತು.

ನಾಲ್ಕನೆಯ ಬೆಳಿಗ್ಗೆ ಆಶ್ಚರ್ಯವಾಯಿತು. ಕೈ ಏರಿತು. ಡಬ್ಬಿ ಹಿಡಿಗೆ ಬಂತು. ಗೂಟ ಇನ್ನೊಂದು ತೂತು ಮೇಲೆ ಹೋಯಿತು, ಅಲ್ಲಿಯೂ ಕೈ ಏರಿತು.

"ಹತ್ತು! ಗಿಣೀ, ಹತ್ತಕ್ಕೆ ಬಂತು ಕಣೇ!"

ಗಿಣಿ ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಓಡಿಬಂದು ಕುಣಿದಳು. ಬಡಗಿ ಬಾಗಿಲಲ್ಲಿ ನಿಂತು ನಕ್ಕ, ಆದರೆ ಒಳಗೆ ಬರಲಿಲ್ಲ. ಮಧ್ಯಾಹ್ನ ಏಣಿ ಹಿತ್ತಲಿನಿಂದ ಒಳಗೆ ಬಂದಾಗ ಅತ್ತೆ ಸ್ಟೂಲು ಕೂಡ ಇಲ್ಲದೆ, ತುದಿಗಾಲಲ್ಲಿ ನಿಂತು ಸಕ್ಕರೆ ಡಬ್ಬಿಗೆ ಕೈ ಹಾಕಿದ್ದರು.

"ಅತ್ತೆ, ನಿಮಗೆ ಒಂಬತ್ತೇ ಎಟುಕ್ತಿರ್ಲಿಲ್ಲ. ಹತ್ತು ಹೇಗೆ ಎಟುಕ್ತು?"

ಅತ್ತೆ ಕಳ್ಳಿಯಂತೆ ನಿಂತರು. "ನಾನೂ ಕಸರತ್ತು ಮಾಡ್ತಿದೀನೇನೋ."

ಏಣಿ ಪಟ್ಟಿಯ ಹತ್ತಿರ ಹೋಗಿ ಬೆರಳಾಡಿಸಿದಳು. ತೂತುಗಳು ಹದಿನಾಲ್ಕೂ ಇದ್ದವು, ಗೂಟ ಹತ್ತರಲ್ಲೇ ಇತ್ತು. ಆದರೆ ಪಟ್ಟಿಯ ಮೇಲ್ತುದಿಯಲ್ಲಿ, ಗೋಡೆಯಲ್ಲಿ, ಹೊಸದಾಗಿ ಮುಚ್ಚಿದ ಎರಡು ಮೊಳೆಗುಳಿ. ಸುಣ್ಣ ಇನ್ನೂ ಹಸಿ. ಪಟ್ಟಿಯನ್ನೇ ನಾಲ್ಕು ಬೆರಳು ಕೆಳಗಿಳಿಸಿ ಹೊಡೆಯಲಾಗಿತ್ತು. ಕೆಲಸ ಎಷ್ಟು ನಾಜೂಕಾಗಿತ್ತೆಂದರೆ ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಕಾರ್ಖಾನೆಯಲ್ಲಿ ಅವನು ಕುರ್ಚಿಯ ಕಾಲಿಗೆ ತಾನೇ ಪಾಲಿಶ್ ಹಚ್ಚುತ್ತಿದ್ದ. ಪಾಲಿಶ್ ಗಂಟು ಗಂಟಾಗಿ ಹೆಪ್ಪುಗಟ್ಟಿತ್ತು.

"ಯಾವಾಗ ಇಳಿಸಿದ್ರಿ?"

ಅವನು ತಲೆಯೆತ್ತಲಿಲ್ಲ. "ನಿನ್ನೆ. ನೀನು ಸ್ನಾನಕ್ಕೆ ಹೋದಾಗ."

"ಯಂತ್ರದವರನ್ನೂ ಹೀಗೇ ಮೋಸ ಮಾಡ್ತೀರಾ? ಅವರ ಮೇಜೂ ಇಳಿಸ್ತೀರಾ?"

"ನೀನು ಹಲ್ಲು ಕಚ್ಚೋದು ಇಲ್ಲಿವರೆಗೂ ಕೇಳ್ಸುತ್ತೆ ಏಣೀ. ನನ್ನಿಂದ ಆಗಲ್ಲ."

"ಕೇಳ್ಸಿದ್ರೆ ಗರಗಸ ಜೋರಾಗಿ ಎಳೀರಿ."

"ತಮಾಷೆ ಅಲ್ಲ."

"ನಾನೂ ತಮಾಷೆ ಮಾಡ್ತಿಲ್ಲ. ಇನ್ನು ಏಳು ದಿನ ಇದೆ. ನನ್ನ ಮೇಲೆ ಕರುಣೆ ತೋರಿಸೋರು ಬೀದಿ ತುಂಬ ಇದಾರೆ. ನಿಮ್ಮಿಂದ ನಂಗೆ ಬೇಕಾಗಿರೋದು ಅದಲ್ಲ. ನನ್ನ ಕರೀರಿ. ಅದು ಕೊಡು, ಇದು ಕೊಡು ಅಂತ ಮೊದ್ಲಿನ ಹಾಗೆ ಪ್ರಾಣ ತಿನ್ನಿ. ನಾನು ಬೈತೀನಿ. ಬೈದ್ರೂ ಕರೀರಿ."

ಅವನು ಹತ್ತಿಯುಂಡೆ ಕೆಳಗಿಟ್ಟು, ಮೊಳೆಕೀಳುವ ಇಕ್ಕಳ ತೆಗೆದುಕೊಂಡು ಅಡುಗೆಮನೆಗೆ ನಡೆದ. ಏಣಿ ಹತ್ತಿಯುಂಡೆಯನ್ನು ಎತ್ತಿಕೊಂಡಳು. ಹೆಪ್ಪುಗಟ್ಟಿದ ಕಡೆ ಸ್ಪಿರಿಟ್ ತಾಗಿಸಿ, ಸುತ್ತುಸುತ್ತಾಗಿ, ಸೊಂಟದ ಎತ್ತರದಲ್ಲಿ ಕುರ್ಚಿಯ ಒಂದು ಕಾಲನ್ನಷ್ಟೇ ಸರಿಮಾಡಿದಳು. ಹಳೆಯ ವಾಸನೆ ಮೂಗಿಗೆ ಬಂದು ಕಣ್ಣು ಉರಿಯಿತು. ಉರಿದದ್ದು ಸ್ಪಿರಿಟ್ಟಿಗೇ ಎಂದು ಹೇಳಲಾಗದು.

ಆ ಏಳು ದಿನ ಮನೆಯಲ್ಲಿ ಕೂಗೋ ಕೂಗು. ಬಡಗಿಗೆ ಬೇಕಿಲ್ಲದ ಮೊಳೆಯೂ ಬೇಕಾಯಿತು. ಅತ್ತೆಗೆ ಗಂಟೆಗೊಮ್ಮೆ ಉಪ್ಪಿನ ರುಚಿ ನೋಡಬೇಕೆನ್ನಿಸಿತು. ಏಣಿ ಬೈದಳು, ಅತ್ತಳು, ತೆಗೆದುಕೊಟ್ಟಳು. ಹನ್ನೊಂದು, ಹನ್ನೆರಡು. ಅಳತೆಗೆ ಹೋಗುವ ದಿನ ಬೆಳಿಗ್ಗೆ ಹದಿಮೂರರಲ್ಲಿ ಡಬ್ಬಿಯ ಅಂಚು ಬೆರಳಿಗೆ ಸಿಕ್ಕಿತು. ಹದಿನಾಲ್ಕಕ್ಕೆ ಹೋಗಲಾಗಲಿಲ್ಲ.

ಆಸ್ಪತ್ರೆಗೆ ನಾಲ್ವರೂ ಹೋದರು. ಅತ್ತೆ ಬರುವುದು ಬೇಡ ಎಂದರೆ ಚಪ್ಪಲಿ ಹಾಕಿಕೊಂಡು ಮೊದಲೇ ಬಸ್ ನಿಲ್ದಾಣದಲ್ಲಿ ನಿಂತಿದ್ದರು.

ಕೋಣೆ ತಣ್ಣಗಿತ್ತು. ಮೇಜು ಗಟ್ಟಿಯಾಗಿತ್ತು. ಯುವಕನೊಬ್ಬ, ಅವನ ಜೊತೆ ವಯಸ್ಸಾದ ನರ್ಸು. ತಲೆಯ ಹಿಂದೆ ಕೈ ಇಡಲು ದೋಣಿಯಂಥ ಆಸರೆ ಇತ್ತು. ಏಣಿ ಉಸಿರು ಬಿಗಿಹಿಡಿದು ಕೈಯನ್ನು ಎತ್ತಿ ಹಿಂದಕ್ಕೆ ತಂದಳು. ಆಸರೆಗೆ ಎರಡು ಬೆರಳು ಉಳಿಯಿತು. ಯುವಕ ನರ್ಸಿನ ಮುಖ ನೋಡಿದ.

"ಅವಸರ ಬೇಡಮ್ಮ. ಉಸಿರು ಬಿಡಿ," ಅಂದಳು ನರ್ಸು. "ಬಿಡ್ತಾ ಬಿಡ್ತಾ ಇನ್ನೊಂದು ಸಲ."

ಬಿಟ್ಟಳು. ಒಳಗಿನ ಹುರಿ ಕಿತ್ತುಬರುವಂತೆ ಎಳೆಯಿತು, ಆಮೇಲೆ ಎಲ್ಲೋ ಸಡಿಲಾಯಿತು. ಮೊಣಕೈ ದೋಣಿಗೆ ತಾಗಿತು.

"ಸಿಕ್ತು. ಇನ್ನು ಅಲ್ಲಾಡ್ಬೇಡಿ. ಇಪ್ಪತ್ತು ನಿಮಿಷ."

ಯುವಕ ಎದೆಯ ಮೇಲೆ ಬಣ್ಣದ ಗೆರೆ ಎಳೆಯತೊಡಗಿದ. ಏಣಿ ಮೇಲ್ಛಾವಣಿ ನೋಡುತ್ತಾ ಮಲಗಿದಳು. ಕೈ ಮೊದಲು ಉರಿಯಿತು, ಆಮೇಲೆ ಜೋಮು ಹಿಡಿಯಿತು. ಗ್ರಂಥಾಲಯವೊಂದಕ್ಕೆ ಅವರು ಮಾಡಿಕೊಟ್ಟಿದ್ದ ಕಪಾಟುಗಳು ನೆನಪಾದವು. ಇಪ್ಪತ್ತು ವರ್ಷವಾಯಿತೇನೋ. ಅವುಗಳ ನೆತ್ತಿಯ ಪಟ್ಟಿಗೆ ಬಳ್ಳಿಯ ಕೆತ್ತನೆ ಇತ್ತು, ಬಳ್ಳಿಯ ಸಂದುಸಂದಿಗೂ ಪಾಲಿಶ್ ಇಳಿಯಬೇಕಿತ್ತು. ಬೆಳಿಗ್ಗೆಯಿಂದ ದೀಪ ಹಚ್ಚುವ ಹೊತ್ತಿನವರೆಗೆ ಕೈ ಮೇಲೆಯೇ. ಕೆಳಗಿನಿಂದ ಅವನು ಬಟ್ಟೆ ಮಡಿಸಿ ಮಡಿಸಿ ಕೊಡುತ್ತಿದ್ದ, ನಡುನಡುವೆ ಬ್ರೆಡ್ಡಿನ ತುಂಡನ್ನು ಅವಳ ಎಡಗೈಗೆ ಇಡುತ್ತಿದ್ದ. ಓದಲು ಬಂದ ಮುದುಕರೊಬ್ಬರು ಪುಸ್ತಕ ಮುಚ್ಚಿ ಅವರನ್ನೇ ನೋಡುತ್ತಾ ಕೂತಿದ್ದರು. ಆ ದಿನ ಕೈ ನೋಯುತ್ತಿದೆ ಎಂದು ಒಮ್ಮೆಯಾದರೂ ಅನ್ನಿಸಿತ್ತೇ? ಅನ್ನಿಸಿರಬೇಕು. ನೆನಪಿರುವುದು ಮಾತ್ರ ಬಳ್ಳಿಯ ಎಲೆಯೊಂದು ತಟ್ಟನೆ ಹೊಳೆದದ್ದು.

"ಮುಗೀತು," ಅಂದ ಯುವಕ. "ಚೆನ್ನಾಗಿ ಹಿಡಿದ್ರಿ. ಸೋಮವಾರದಿಂದ ಚಿಕಿತ್ಸೆ ಶುರು. ಇನ್ನು ಕೈ ಇಳಿಸಿ."

ಕೈ ಇಳಿಯಲಿಲ್ಲ.

ನರ್ಸು ಎಬ್ಬಿಸಿ ಕೂರಿಸಿದಳು, ಅಂಗಿ ಹೊದಿಸಿದಳು. ಕೈ ತಲೆಯ ಮೇಲೆಯೇ ಮರದಂತೆ ನಿಂತಿತ್ತು. ಇಳಿಸಲು ಹೋದರೆ ಪ್ರಾಣ ಹೋಗುವ ನೋವು. "ಬಿಗಿದಿದೆ ಅಷ್ಟೇ, ಹೆದರ್ಬೇಡಿ. ಹತ್ತು ನಿಮಿಷ ಹೊರಗೆ ಕೂತ್ಕೊಳ್ಳಿ, ಮೆಲ್ಲಗೆ ಇಳಿಯುತ್ತೆ," ಎಂದಳು. ಹೀಗೆ ಏಣಿ ಒಂದು ಕೈಯನ್ನು ಛಾವಣಿಗೆ ತೋರಿಸಿಕೊಂಡು, ತರಗತಿಯಲ್ಲಿ ಪ್ರಶ್ನೆ ಕೇಳಲು ಎದ್ದ ಹುಡುಗಿಯಂತೆ, ಉದ್ದ ಓಣಿಗೆ ಹೊರಬಂದಳು. ಬೆಂಚಿನಲ್ಲಿ ಕಾಯುತ್ತಿದ್ದ ಜನರೆಲ್ಲ ನೋಡಿದರು. ಅಂಗಿ ಒಂದು ಕಡೆ ಉಬ್ಬಿ, ಒಂದು ಕಡೆ ಚಪ್ಪಟೆ ನಿಂತಿತ್ತು. ಅದೂ ಎಲ್ಲರಿಗೂ ಕಂಡಿರಬೇಕು.

"ಏನಾಯ್ತೇ?" ಅತ್ತೆ ಗಾಬರಿಯಿಂದ ಎದ್ದರು.

"ಏರ್ತು ಅತ್ತೆ. ಸೋಮವಾರದಿಂದ ಶುರು. ಈಗ ಇಳೀತಿಲ್ಲ."

"ಅಯ್ಯೋ ನಿಮ್ಮ! ಏರಿಸೋಕೆ ಎರಡು ವಾರ ಮನೆಮಂದಿಯೆಲ್ಲ ಒದ್ದಾಡಿದ್ರಿ. ಇಳಿಸೋದನ್ನ ಒಬ್ಬರಾದ್ರೂ ಕಲಿತ್ರಾ?"

ಗಿಣಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು 'ಕಿಸಕ್' ಎಂದಳು. ನಕ್ಕದ್ದಕ್ಕೆ ನಾಚಿ, ಮತ್ತೆ ನಕ್ಕು, ಕೊನೆಗೆ ಅತ್ತೇಬಿಟ್ಟಳು.

ಬಡಗಿ ಎದ್ದು ಬಂದು ಹೆಂಡತಿಯ ಎದುರು ನಿಂತು, ಕೈಯನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದ. ಅಂಗೈಗಳನ್ನು ಒಂದಕ್ಕೊಂದು ಉಜ್ಜಿ ಬಿಸಿ ಮಾಡಿಕೊಂಡ. ತುದಿಗಾಲಲ್ಲಿ ನಿಂತು, ಅವಳ ಮೊಣಕೈ ಕೆಳಗೆ ಎರಡೂ ಅಂಗೈ ಕೊಟ್ಟ.

"ಭಾರ ನನ್ಮೇಲೆ ಬಿಡು."

"ಬಿಟ್ಟಿದೀನಿ."

"ಬಿಟ್ಟಿಲ್ಲ. ಇನ್ನೂ ನೀನೇ ಹಿಡ್ಕೊಂಡಿದೀಯ. ಬಿಡು ಅಂದ್ರೆ."

ಅವಳು ಬಿಟ್ಟಳು. ಅವನ ತೋಳು ಒಮ್ಮೆ ನಡುಗಿ ಸ್ಥಿರವಾಯಿತು.

"ಹಾಂ. ಈಗ ಬಂತು. ಒಂದು ಕೂದಲೆಳೆ... ನಿಲ್ಲು. ನೋವಾ?"

"ಹೂಂ."

"ನಿಲ್ಲೋಣ. ನಂಗೇನೂ ಅವಸರ ಇಲ್ಲ... ಈಗ? ಇನ್ನೊಂದು ಕೂದಲೆಳೆ."

ಗಾಡಿಯಿಂದ ಕನ್ನಡಿ ಬೀರು ಇಳಿಸುವವನಂತೆ, ಕಣ್ಣು ಕೂಡ ಮಿಟುಕಿಸದೆ ಅವನು ಇಳಿಸಿದ. ಅವನ ಹಿಮ್ಮಡಿಗಳು ಮೆಲ್ಲಗೆ ನೆಲಕ್ಕೆ ತಾಗಿದವು. ಕೈ ಅವಳ ಕಿವಿಯ ಹತ್ತಿರ ಬಂತು, ಗಲ್ಲದ ಹತ್ತಿರ ಬಂತು. ಅವನ ಹೆಗಲಿನ ಎತ್ತರಕ್ಕೆ ಬಂದಾಗ, ಆ ಕೈಯನ್ನು ಅವನು ತನ್ನ ಹೆಗಲ ಮೇಲೆ ಇರಿಸಿಕೊಂಡು ಉಸಿರು ಬಿಟ್ಟ.

"ಸದ್ಯಕ್ಕೆ ಇಲ್ಲೇ ಇರ್ಲಿ. ಉಳಿದದ್ದು ಮನೆಗೆ ಹೋಗಿ ಇಳಿಸೋಣ."

ಅತ್ತೆ ಚೀಲ ಎತ್ತಿಕೊಂಡರು. ಗಿಣಿ ಮುಂದೆ ಓಡಿ ಬಾಗಿಲು ಹಿಡಿದಳು. ಏಣಿ ಗಂಡನ ಹೆಗಲ ಮೇಲೆ ಕೈಯಿಟ್ಟುಕೊಂಡು, ಅವನ ಹೆಜ್ಜೆಗೆ ತನ್ನ ಉದ್ದ ಹೆಜ್ಜೆಯನ್ನು ಸಣ್ಣದು ಮಾಡಿಕೊಂಡು, ಬಸ್ ನಿಲ್ದಾಣದವರೆಗೂ ಹಾಗೆಯೇ ನಡೆದಳು.